ನೀರೆತ್ತುವ ಊರಿನಲ್ಲಿ ನಿರೀಕ್ಷೆಯ ಅಳತೆ

ಸಾಂಗಲಿ-ಮಿರಜ ಭಾಗದ ರಾಜಕೀಯ ಮಾತುಕತೆಯಲ್ಲಿ ‘ಪುರೋಗಾಮಿ’ ಎಂಬ ಮರಾಠಿ ಪದಕ್ಕಿರುವ ತೂಕ, ಅದಕ್ಕೆ ಸಮಾನವೆಂದು ಬಳಸಲಾಗುವ ಕನ್ನಡದ ‘ಪ್ರಗತಿಪರ’ ಎಂಬ ಪದಕ್ಕೆ ಇಲ್ಲ. ಪ್ರಗತಿಪರ ಎಂಬುದು ಒಂದು ನಿಲುವಿನ ಹೆಸರು. ಪುರೋಗಾಮಿ ಎಂಬುದು ಒಂದು ನಡಿಗೆಯ ಹೆಸರು, ಮುಂದೆ ನಡೆಯುವವನೆಂದು ಅದರ ಅರ್ಥ, ಮತ್ತು ಮುಂದೆ ನಡೆಯುವವನ ಹಿಂದೆ ಜನ ಬರುತ್ತಿದ್ದಾರೆಂಬ ಸೂಚನೆಯೂ ಆ ಪದದೊಳಗೇ ಅಡಗಿದೆ. ಜೋತಿಬಾ ಫುಲೆ, ಕೊಲ್ಹಾಪುರದ ಶಾಹೂ ಮಹಾರಾಜರು ಮತ್ತು ಅಂಬೇಡ್ಕರ್ ಅವರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಪರಂಪರೆಯ ಈ ನೆಲದಲ್ಲಿ ಚುನಾವಣೆ ಸಮೀಪಿಸಿದಾಗಲೆಲ್ಲ ಒಬ್ಬ ನೆಚ್ಚಿನ ಪುರೋಗಾಮಿ ಅಭ್ಯರ್ಥಿಯ ಸುತ್ತ ಭರವಸೆ ಹೆಪ್ಪುಗಟ್ಟುತ್ತದೆ, ಚುನಾವಣೆ ಮುಗಿದ ಎರಡು ಮೂರು ವರ್ಷಗಳಲ್ಲಿ ಅದೇ ಭರವಸೆ ‘ಇವರೂ ಎಲ್ಲರಂತೆಯೇ’ ಎಂಬ ಬೇಸರವಾಗಿ ಮಾರ್ಪಡುತ್ತದೆ. ನಂಬಿದ ಅಭ್ಯರ್ಥಿಯಿಂದ ಏನನ್ನು, ಎಷ್ಟನ್ನು, ಎಷ್ಟು ಕಾಲದೊಳಗೆ ನಿರೀಕ್ಷಿಸಬೇಕು ಎಂಬುದು ಗಡಿಭಾಗದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯಾಗಿರುವುದಕ್ಕೆ ಈ ಏರಿಳಿತವೇ ಕಾರಣ.

ಈ ಪ್ರಶ್ನೆಯನ್ನು ತೂಗಿ ನೋಡಲು ಮಿರಜ ತಾಲೂಕಿನ ಮ್ಹೈಸಾಳಕ್ಕಿಂತ ಸೂಕ್ತವಾದ ಜಾಗ ಸುಲಭವಾಗಿ ಸಿಗುವುದಿಲ್ಲ. ಕೃಷ್ಣಾ ನದಿಯ ದಂಡೆಯ ಮೇಲಿರುವ, ಕರ್ನಾಟಕದ ಕಾಗವಾಡಕ್ಕೆ ಹೊಂದಿಕೊಂಡಂತಿರುವ, ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಈ ಊರಿನ ಹೆಸರು ಮಹಾರಾಷ್ಟ್ರದಲ್ಲೆಲ್ಲ ತಿಳಿದಿರುವುದು ‘ಮ್ಹೈಸಾಳ ಉಪಸಾ ಸಿಂಚನ ಯೋಜನೆ’ಯಿಂದ. ಉಪಸಾ ಸಿಂಚನ ಎಂದರೆ ಏತ ನೀರಾವರಿ: ನದಿಯ ನೀರು ತಾನಾಗಿ ಹರಿದು ಹೋಗಲಾರದ ಎತ್ತರದ ನೆಲಕ್ಕೆ ಅದನ್ನು ವಿದ್ಯುತ್ ಪಂಪುಗಳಿಂದ ಹಂತ ಹಂತವಾಗಿ ಎತ್ತಿ, ಪ್ರತಿ ಹಂತದಲ್ಲೂ ಕಾಲುವೆಗೆ ಬಿಟ್ಟು, ಮುಂದಿನ ಪಂಪ್‌ಮನೆಯಿಂದ ಮತ್ತೆ ಮೇಲೆತ್ತುವ ವ್ಯವಸ್ಥೆ. ಮ್ಹೈಸಾಳದಲ್ಲಿ ನದಿಯಿಂದ ಮೇಲೆದ್ದ ನೀರು ಮಿರಜದ ಪೂರ್ವಭಾಗವನ್ನು ದಾಟಿ ಕವಠೆ ಮಹಾಂಕಾಳ, ತಾಸಗಾಂವ, ಜತ್ತ ತಾಲೂಕುಗಳಿಗೂ, ಸೋಲಾಪುರ ಜಿಲ್ಲೆಯ ಸಾಂಗೋಲಾ, ಮಂಗಳವೇಢೆಗಳಿಗೂ ತಲುಪಬೇಕೆಂಬುದು ಯೋಜನೆಯ ಉದ್ದೇಶ. ಅದರ ಅಚ್ಚುಕಟ್ಟು ಸುಮಾರು 80 ಸಾವಿರ ಹೆಕ್ಟೇರ್.

ಸಾಂಗಲಿಯವರೇ ಆದ ವಸಂತದಾದಾ ಪಾಟೀಲರು ಮತ್ತೆ ಮುಖ್ಯಮಂತ್ರಿಯಾಗಿದ್ದ 1983-85ರ ಅವಧಿಯಲ್ಲಿ ಟಾಕಾರಿ ಮತ್ತು ಮ್ಹೈಸಾಳ ಯೋಜನೆಗಳಿಗೆ ರೂಪ ದೊರೆಯಿತು. ಆ ವೇಳೆಗೆ ಬಚಾವತ್ ನ್ಯಾಯಮಂಡಳಿ, ಅಂದರೆ ಕೃಷ್ಣಾ ನೀರನ್ನು ಮೂರು ರಾಜ್ಯಗಳಿಗೆ ಹಂಚಲು ನೇಮಕವಾಗಿದ್ದ ಮಂಡಳಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ನೀರನ್ನು ಗೊತ್ತುಮಾಡಿ, 2000ನೇ ಇಸವಿಯ ಮೇ 31ರ ನಂತರ ಹಂಚಿಕೆಯನ್ನು ಮರುಪರಿಶೀಲಿಸಬಹುದೆಂದು ಹೇಳಿತ್ತು. ಆ ದಿನದೊಳಗೆ ತನ್ನ ಪಾಲನ್ನು ಬಳಸುವ ವ್ಯವಸ್ಥೆ ಮಾಡಿಕೊಳ್ಳದ ರಾಜ್ಯ ಅದನ್ನು ಕಳೆದುಕೊಳ್ಳಬಹುದೆಂಬ ಆತಂಕ ಹುಟ್ಟಿದ್ದರಿಂದ 1996ರಲ್ಲಿ ಮಹಾರಾಷ್ಟ್ರ ಕೃಷ್ಣಾ ಕಣಿವೆ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು, ಸಾಲಪತ್ರಗಳಿಂದ ಹಣ ಎತ್ತಿ ಹಲವು ಕಾಮಗಾರಿಗಳನ್ನು ಒಟ್ಟಿಗೆ ಕೈಗೆತ್ತಿಕೊಳ್ಳಲಾಯಿತು, ಆದರೆ ಎಲ್ಲವನ್ನೂ ಒಮ್ಮೆಲೇ ಆರಂಭಿಸಿದ್ದರಿಂದ ಯಾವುದೂ ಹೊತ್ತಿಗೆ ಮುಗಿಯದೆ ಅಂದಾಜು ವೆಚ್ಚ ಬೆಳೆಯುತ್ತಲೇ ಹೋಯಿತು. ಪಂಪು ಕೂಡಿಸಿದ ಮೇಲೂ ತೊಡಕು ತೀರಲಿಲ್ಲ; ಪಂಪು ತಿರುಗಬೇಕಾದರೆ ವಿದ್ಯುತ್ ಬೇಕು, ವಿದ್ಯುತ್ ಬಿಲ್ಲನ್ನು ಯಾರಾದರೂ ಕಟ್ಟಬೇಕು, ಕಟ್ಟದಿದ್ದರೆ ಸಂಪರ್ಕ ಕಡಿಯುತ್ತದೆ. ಬಾಕಿ ಬಿಲ್ಲಿನಿಂದ ‘ಆವರ್ತನ’ ತಪ್ಪಿದ ವರ್ಷಗಳು ಈ ಭಾಗದ ರೈತರ ನೆನಪಿನಲ್ಲಿ ಹಸಿಯಾಗಿವೆ. ಆವರ್ತನ ಎಂದರೆ ಸರದಿಯಂತೆ ಕಾಲುವೆಗೆ ನೀರು ಬಿಡುವ ಸುತ್ತು. ಕಬ್ಬಿನ ಬಿಲ್ಲಿನಿಂದ ನೀರಿನ ಪಟ್ಟಿಯನ್ನು ಮುರಿದುಕೊಳ್ಳುವ ಪದ್ಧತಿಯೂ, ವಿದ್ಯುತ್ ವೆಚ್ಚದಲ್ಲಿ ರೈತರು ನೂರಕ್ಕೆ 19 ಪಾಲನ್ನೂ ಸರ್ಕಾರ 81 ಪಾಲನ್ನೂ ಹೊರುವ ವ್ಯವಸ್ಥೆಯೂ ಬಂದದ್ದು ಇಂಥ ಅನೇಕ ವರ್ಷಗಳ ಜಗ್ಗಾಟದ ನಂತರ.

ಇಷ್ಟನ್ನು ವಿವರವಾಗಿ ಹೇಳಬೇಕಾದದ್ದು ಏಕೆಂದರೆ, ನಾಲ್ಕು ದಶಕಗಳ ಪ್ರತಿಯೊಂದು ಚುನಾವಣೆಯಲ್ಲೂ ಈ ಭಾಗದ ಅಭ್ಯರ್ಥಿಗಳು ‘ನೀರು ತರುತ್ತೇವೆ’ ಎಂದು ಹೇಳಿದ್ದಾರೆ, ಮತ್ತು ‘ನೀರು ತರುವುದು’ ಎಂಬ ಎರಡು ಪದಗಳ ಹಿಂದೆ ಅಂತರರಾಜ್ಯ ತೀರ್ಪು, ನಿಗಮದ ಸಾಲ, ಬಜೆಟ್ಟಿನ ಕಂತು, ಭೂಸ್ವಾಧೀನ, ಗುತ್ತಿಗೆ, ವಿದ್ಯುತ್ ಕಂಪನಿ, ಸಕ್ಕರೆ ಕಾರ್ಖಾನೆ ಇಷ್ಟೆಲ್ಲ ಇವೆ. ಒಬ್ಬ ‘ಆಮದಾರ’, ಅಂದರೆ ಶಾಸಕ, 288 ಸದಸ್ಯರ ಸಭೆಯಲ್ಲಿ ಒಬ್ಬ. ಒಬ್ಬ ‘ಖಾಸದಾರ’, ಅಂದರೆ ಸಂಸದ, 543 ಸದಸ್ಯರ ಸಭೆಯಲ್ಲಿ ಒಬ್ಬ. ಸಂಸದನ ಸ್ವಂತ ಶಿಫಾರಸಿಗೆ ಬಿಟ್ಟಿರುವ ಸ್ಥಳೀಯ ಅಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ, ಮತ್ತು ಸಾಂಗಲಿ ಲೋಕಸಭಾ ಕ್ಷೇತ್ರದಲ್ಲಿ ಮಿರಜ, ಸಾಂಗಲಿ, ಪಲೂಸ-ಕಡೇಗಾಂವ, ಖಾನಾಪುರ, ತಾಸಗಾಂವ-ಕವಠೆ ಮಹಾಂಕಾಳ, ಜತ್ತ ಎಂಬ ಆರು ವಿಧಾನಸಭಾ ಕ್ಷೇತ್ರಗಳಿರುವುದರಿಂದ ಒಂದೊಂದರ ಪಾಲಿಗೆ ಬರುವುದು ಒಂದು ಕೋಟಿಗೂ ಕಡಿಮೆ. ಆ ಹಣದಿಂದ ಊರಿನ ರಸ್ತೆ, ಶಾಲೆಯ ಕೊಠಡಿ, ಸಮುದಾಯ ಭವನ ಆಗಬಹುದು. ಕೃಷ್ಣೆಯ ನೀರು ಜತ್ತದ ಗುಡ್ಡ ಏರಲಾರದು.

ಹಾಗಾದರೆ ನೆಚ್ಚಿನ ಅಭ್ಯರ್ಥಿಯಿಂದ ನಿರೀಕ್ಷಿಸಲು ಏನೂ ಇಲ್ಲವೇ ಎಂಬ ಪ್ರಶ್ನೆಗೆ ಇದೇ ನೀರಿನ ದಾರಿಯ ತುದಿಯಲ್ಲಿರುವ ಸಾಂಗೋಲಾ ತಾಲೂಕು ಉತ್ತರ ಕೊಟ್ಟಿದೆ. ರೈತ ಕಾರ್ಮಿಕ ಪಕ್ಷದ, ಅಂದರೆ 1947ರಲ್ಲಿ ಕಾಂಗ್ರೆಸ್ಸಿನ ಎಡಪಂಥೀಯ ಬಣದಿಂದ ಹುಟ್ಟಿದ, ಜನರ ಬಾಯಲ್ಲಿ ‘ಶೇಕಾಪ’ ಎಂದಾದ ಶೇತಕರಿ ಕಾಮಗಾರ ಪಕ್ಷದ ಗಣಪತರಾವ್ ದೇಶಮುಖರು ಸಾಂಗೋಲಾದಿಂದ 1962ರಲ್ಲಿ ಮೊದಲ ಸಲ ಗೆದ್ದು, 2014ರ ಚುನಾವಣೆಯನ್ನೂ ಸೇರಿಸಿ ಒಟ್ಟು 11 ಸಲ ಆಯ್ಕೆಯಾದರು. ಈ ಅರ್ಧ ಶತಮಾನದಲ್ಲಿ ಅವರ ಪಕ್ಷ ಒಮ್ಮೆಯೂ ಸ್ವಂತ ಬಲದಿಂದ ರಾಜ್ಯದ ಅಧಿಕಾರ ಹಿಡಿಯಲಿಲ್ಲ. 1978ರಲ್ಲಿ ಮತ್ತು 1999ರಲ್ಲಿ ಸಮ್ಮಿಶ್ರ ಸರ್ಕಾರಗಳಲ್ಲಿ ಸ್ವಲ್ಪ ಕಾಲ ಮಂತ್ರಿಯಾಗಿದ್ದನ್ನು ಬಿಟ್ಟರೆ ಅವರು ಬಹುಪಾಲು ವಿರೋಧ ಪಕ್ಷದ ಬೆಂಚಿನಲ್ಲೇ ಕುಳಿತರು. ಅಧಿಕಾರವೇ ಇಲ್ಲದ ಪಕ್ಷದ ಶಾಸಕನೊಬ್ಬನನ್ನು ಬರಗಾಲದ ತಾಲೂಕೊಂದು ಏಕೆ ಮತ್ತೆ ಮತ್ತೆ ಆರಿಸಿತು ಎಂಬುದು ರಾಜಕೀಯ ಶಾಸ್ತ್ರದ ವಿದ್ಯಾರ್ಥಿಗಳು ಬಿಡಿಸಬೇಕಾದ ಒಗಟು, ಮತ್ತು ಈ ಬರಹದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಸಂಗತಿ.

ಸಾಂಗೋಲಾದ ಮತದಾರರು ದೇಶಮುಖರಿಂದ ಪವಾಡವನ್ನು ಬಯಸಿರಲಿಲ್ಲವೆಂದೇ ಆ ದೀರ್ಘ ಸಂಬಂಧದಿಂದ ಊಹಿಸಬೇಕಾಗುತ್ತದೆ. ಎಸ್.ಟಿ. ಬಸ್ಸಿನಲ್ಲಿ ಓಡಾಡುವ ಶಾಸಕ, ಕೈ ಶುದ್ಧವಾಗಿರುವ ಸಹಕಾರಿ ಸೂತಗಿರಣಿ ಅಂದರೆ ನೂಲಿನ ಗಿರಣಿ, ಉದ್ಯೋಗ ಖಾತ್ರಿಯ ಕೆಲಸ ಹಳ್ಳಿಗೆ ಬಂದಿದೆಯೇ ಎಂದು ವಿಚಾರಿಸುವ ಧ್ವನಿ, ಸದನದಲ್ಲಿ ಬರಗಾಲದ ಮಾತು ಬಂದಾಗ ತಪ್ಪದೆ ಎದ್ದು ನಿಲ್ಲುವ ಒಬ್ಬ ಮನುಷ್ಯ, ಇವು ಅವರಿಂದ ಜನ ಬಯಸಿದ ಮತ್ತು ಪಡೆದ ಸಂಗತಿಗಳು. ನೀರಿನ ವಿಷಯದಲ್ಲಿ ಅವರು ಒಂಟಿಯಾಗಿ ಹೋರಾಡಲಿಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಸಾತಾರಾ ಭಾಗದ ‘ಪ್ರತಿಸರ್ಕಾರ’ದಲ್ಲಿ, ಅಂದರೆ ಬ್ರಿಟಿಷ್ ಆಡಳಿತಕ್ಕೆ ಪರ್ಯಾಯವಾಗಿ ಹಳ್ಳಿಗಳಲ್ಲಿ ನಡೆದ ಭೂಗತ ಆಡಳಿತದಲ್ಲಿ ದುಡಿದಿದ್ದ ವಾಳವಾದ ನಾಗನಾಥ ಅಣ್ಣಾ ನಾಯಕವಾಡಿ, ಶ್ರಮಿಕ ಮುಕ್ತಿ ದಳದ ಭಾರತ ಪಾಟಣಕರ ಮೊದಲಾದವರೊಂದಿಗೆ 1990ರ ದಶಕದಿಂದ ಆಟಪಾಡಿಯಲ್ಲಿ ‘ಪಾಣಿ ಪರಿಷದ್’ಗಳನ್ನು ನಡೆಸಿದರು. ಪಾಣಿ ಪರಿಷದ್ ಎಂದರೆ ನೀರಿನ ಸಮಾವೇಶ. ಆದರೆ ಅಲ್ಲಿ ನೀರು ಬೇಕೆಂಬ ಕೂಗಿನ ಜೊತೆಗೆ, ಬಂದ ನೀರು ಭೂಮಿ ಇದ್ದವರಿಗೆ ಮಾತ್ರವಲ್ಲದೆ ಪ್ರತಿ ಕುಟುಂಬಕ್ಕೂ ಸಮನಾಗಿ ಹಂಚಿಕೆಯಾಗಬೇಕೆಂಬ ಬೇಡಿಕೆಯೂ ಎದ್ದಿತು, ಮತ್ತು ಟೇಂಭೂ, ಮ್ಹೈಸಾಳ ಯೋಜನೆಗಳ ಕಡತಗಳು ಮುಂಬೈಯಲ್ಲಿ ಮಲಗದಂತೆ ನೋಡಿಕೊಂಡದ್ದರಲ್ಲಿ ಈ ವಾರ್ಷಿಕ ಒತ್ತಡದ ಪಾಲು ದೊಡ್ಡದು.

ದೇಶಮುಖರು ಎರಡು ಸಲ ಸೋತದ್ದನ್ನೂ ಇಲ್ಲಿ ನೆನೆಯಬೇಕು. 1972ರಲ್ಲಿ ಸೋತರು, 1974ರ ಉಪಚುನಾವಣೆಯಲ್ಲಿ ಮರಳಿ ಬಂದರು. 1995ರಲ್ಲಿ ಇನ್ನೂರಕ್ಕೂ ಕಡಿಮೆ ಮತಗಳಿಂದ ಸೋತರು, 1999ರಲ್ಲಿ ಮತ್ತೆ ಗೆದ್ದರು. ಮತದಾರರು ಅವರನ್ನು ದೇವರ ಪೀಠದಲ್ಲಿ ಕೂಡಿಸಿರಲಿಲ್ಲವೆಂಬುದಕ್ಕೆ ಈ ಎರಡು ಸೋಲುಗಳೇ ಸಾಕ್ಷಿ, ಮತ್ತು ಸೋಲಿಸಿದ ಮೇಲೂ ಅವರನ್ನು ಕಳ್ಳನೆಂದು ಕರೆಯದೆ ಮರಳಿ ಕರೆಸಿಕೊಂಡದ್ದು ಆ ಸಂಬಂಧದ ಆರೋಗ್ಯಕ್ಕೆ ಸಾಕ್ಷಿ. 2021ರ ಜುಲೈ 30ರಂದು ತೀರಿಕೊಳ್ಳುವ ವೇಳೆಗೆ ತೊಂಬತ್ತನ್ನು ದಾಟಿದ್ದ ಅವರು ತಮ್ಮ ತಾಲೂಕಿನ ಕೆಲವು ಭಾಗಗಳಿಗೆ ಕೃಷ್ಣೆಯ ನೀರು ಬಂದುದನ್ನು ಕಂಡರು, ಎಲ್ಲ ಭಾಗಗಳಿಗೂ ಬಂದುದನ್ನು ಕಾಣಲಿಲ್ಲ.

ಇದಕ್ಕೆ ಭಿನ್ನವಾದ, ಹೆಚ್ಚು ನೋವಿನ ಪಾಠ ಸಾಂಗಲಿಯ ಪಕ್ಕದ ಹಾತಕಣಂಗಲೆ ಲೋಕಸಭಾ ಕ್ಷೇತ್ರದ್ದು. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ರಾಜು ಶೆಟ್ಟಿ ಅವರು ಶರದ್ ಜೋಶಿ ಅವರ ಶೇತಕರಿ ಸಂಘಟನೆಯಿಂದ ಹೊರಬಂದು ‘ಸ್ವಾಭಿಮಾನಿ ಶೇತಕರಿ ಸಂಘಟನೆ’ಯನ್ನು ಕಟ್ಟಿದವರು, 2004ರಲ್ಲಿ ಶಿರೋಳದಿಂದ ವಿಧಾನಸಭೆಗೆ, 2009 ಮತ್ತು 2014ರಲ್ಲಿ ಹಾತಕಣಂಗಲೆಯಿಂದ ಲೋಕಸಭೆಗೆ ಆಯ್ಕೆಯಾದರು. ಪ್ರತಿ ವರ್ಷ ಕಬ್ಬು ನುರಿಸುವ ಹಂಗಾಮಿನ ಮುಂಚೆ ಜಯಸಿಂಗಪುರದಲ್ಲಿ ನಡೆಯುವ ‘ಊಸ್ ಪರಿಷದ್’, ಅಂದರೆ ಕಬ್ಬಿನ ಸಮಾವೇಶ, ಆ ವರ್ಷದ ದರದ ಬೇಡಿಕೆಯನ್ನು ಗೊತ್ತುಮಾಡುವ ವೇದಿಕೆಯಾಯಿತು, ಮತ್ತು ಅದರ ಸದ್ದು ಅಥಣಿ, ಚಿಕ್ಕೋಡಿ, ರಾಯಬಾಗದ ಕಬ್ಬಿನ ಗದ್ದೆಗಳಿಗೂ ಮುಟ್ಟಿತು. ‘ಒಂದು ಮತ, ಒಂದು ನೋಟು’ ಎಂಬ ಕರೆಗೆ ಓಗೊಟ್ಟು ಹಳ್ಳಿಗಳ ಜನ ತಮ್ಮ ಅಭ್ಯರ್ಥಿಗೆ ಮತದ ಜೊತೆಗೆ ಚುನಾವಣೆಯ ಖರ್ಚನ್ನೂ ಕೊಟ್ಟರು. ಅಭ್ಯರ್ಥಿ ಮತದಾರನಿಗೆ ಹಣ ಹಂಚುವುದು ರೂಢಿಯಾಗಿರುವ ಕಾಲದಲ್ಲಿ ಮತದಾರನೇ ಅಭ್ಯರ್ಥಿಗೆ ಹಣ ಕೊಡುವುದು ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಗೌರವದಿಂದ ಬರೆದಿಡಬೇಕಾದ ಸಂಗತಿ.

ತಮ್ಮ ದುಡಿಮೆಯ ಹಣದಿಂದ ಗೆಲ್ಲಿಸಿದ ಅಭ್ಯರ್ಥಿಯ ಮೇಲೆ ಜನರ ನಿರೀಕ್ಷೆ ಎಷ್ಟಿರಬಹುದೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಆ ನಿರೀಕ್ಷೆಗೂ ಲೋಕಸಭೆಯ ಅಂಕಗಣಿತಕ್ಕೂ ನಡುವೆ ದೊಡ್ಡ ಕಂದಕವಿತ್ತು. ಒಬ್ಬನೇ ಸಂಸದನಿರುವ ಪಕ್ಷಕ್ಕೆ ಸದನದಲ್ಲಿ ಮಾತನಾಡಲು ಸಿಗುವ ಸಮಯ ಬಹಳ ಕಡಿಮೆ. 2014ರಲ್ಲಿ ಸಂಘಟನೆ ಭಾರತೀಯ ಜನತಾ ಪಕ್ಷದ ನೇತೃತ್ವದ ಮೈತ್ರಿಕೂಟವನ್ನು ಸೇರಿತು. 2016ರಲ್ಲಿ ಸಂಘಟನೆಯ ಮತ್ತೊಬ್ಬ ಪ್ರಮುಖ ನಾಯಕ ಸದಾಭಾವು ಖೋತ ರಾಜ್ಯ ಸರ್ಕಾರದಲ್ಲಿ ಮಂತ್ರಿಯಾದರು. ಮುಂದಿನ ವರ್ಷವೇ ಇಬ್ಬರ ದಾರಿಗಳು ಬೇರೆಯಾದವು, ಸಂಘಟನೆ ಮೈತ್ರಿಕೂಟದಿಂದ ಹೊರಬಂದಿತು. 2018ರಲ್ಲಿ ಶೆಟ್ಟಿ ಅವರು ರೈತರ ಸಾಲಮುಕ್ತಿ ಮತ್ತು ಖಾತ್ರಿ ಬೆಲೆಗೆ ಸಂಬಂಧಿಸಿದ ಎರಡು ಖಾಸಗಿ ಮಸೂದೆಗಳನ್ನು ಲೋಕಸಭೆಯಲ್ಲಿ ಮಂಡಿಸಿದರು. ಖಾಸಗಿ ಮಸೂದೆ ಎಂದರೆ ಮಂತ್ರಿಯಲ್ಲದ ಸದಸ್ಯನು ತರುವ ಮಸೂದೆ; ಸ್ವಾತಂತ್ರ್ಯಾನಂತರ ಇಂಥ 14 ಮಸೂದೆಗಳು ಮಾತ್ರ ಕಾನೂನಾಗಿವೆ, ಕೊನೆಯದು 1970ರಲ್ಲಿ. ಈ ಒಂದು ಅಂಕಿಯನ್ನು ಪ್ರಚಾರ ಸಭೆಗಳಲ್ಲಿ ಮತದಾರರಿಗೆ ಹೇಳಿದ್ದರೆ, ಮಸೂದೆ ಮಂಡಿಸುವುದು ಕಾನೂನು ತರುವುದಕ್ಕೆ ಸಮನಲ್ಲ, ಅದು ಒಂದು ಬೇಡಿಕೆಯನ್ನು ದೇಶದ ದಾಖಲೆಗೆ ಸೇರಿಸುವ ಕ್ರಮವೆಂದು ಎಲ್ಲರಿಗೂ ತಿಳಿಯುತ್ತಿತ್ತು.

2019ರಲ್ಲಿ ಕಾಂಗ್ರೆಸ್ ಮತ್ತು ರಾಷ್ಟ್ರವಾದಿ ಕಾಂಗ್ರೆಸ್ಸಿನ ಬೆಂಬಲದೊಂದಿಗೆ ನಿಂತ ಶೆಟ್ಟಿ ಸೋತರು. 2024ರಲ್ಲಿ ಎರಡೂ ಮೈತ್ರಿಕೂಟಗಳಿಂದ ದೂರ ನಿಂತು ಮೂರನೆಯ ಸ್ಥಾನಕ್ಕೆ ಇಳಿದರು. ಈ ಇಳಿತಕ್ಕೆ ಜಾತಿ ಲೆಕ್ಕ, ಮೈತ್ರಿಗಳ ಬದಲಾವಣೆ, ಎದುರಾಳಿಗಳ ಹಣಬಲ ಎಂದು ಹಲವು ಕಾರಣಗಳನ್ನು ಹೇಳಲಾಗುತ್ತದೆ, ಅವುಗಳಲ್ಲಿ ಸತ್ಯಾಂಶ ಇರಲೂಬಹುದು. ಆದರೆ ಅವರ ಬೆಂಬಲಿಗರು ಎರಡು ಬೇರೆ ಬೇರೆ ನಿರೀಕ್ಷೆಗಳನ್ನು ಒಂದೇ ವ್ಯಕ್ತಿಯ ಮೇಲೆ ಹೊರಿಸಿದ್ದು ಹೆಚ್ಚು ಆಳದ ಕಾರಣವೆಂದು ತೋರುತ್ತದೆ: ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಗಾಡಿಗಳನ್ನು ತಡೆಯುವ ಚಳವಳಿಗಾರನೂ ಅವರೇ ಆಗಬೇಕು, ದಿಲ್ಲಿಯಲ್ಲಿ ಅಧಿಕಾರದಲ್ಲಿರುವವರೊಂದಿಗೆ ಕುಳಿತು ದರ ತರುವ ಸಂಧಾನಕಾರನೂ ಅವರೇ ಆಗಬೇಕು. ಸಂಧಾನಕ್ಕೆ ಹೋದಾಗ ರಾಜಿ ಮಾಡಿಕೊಂಡನೆಂಬ ಆರೋಪ, ಹೋಗದಿದ್ದಾಗ ಕೈಯಲ್ಲಿ ಏನೂ ಆಗದವನೆಂಬ ಆರೋಪ, ಎರಡೂ ಒಂದೇ ಮನುಷ್ಯನ ಮೇಲೆ ಬಂದವು. ಮೈತ್ರಿಯೇ ತಪ್ಪೆಂದು ಹೇಳಲಾಗದು, ಏಕೆಂದರೆ ಒಬ್ಬ ಸದಸ್ಯನ ಪಕ್ಷಕ್ಕೆ ಮೈತ್ರಿಯ ಹೊರತು ಬೇರೆ ಬಲವಿಲ್ಲ. ಆದರೆ ಮೈತ್ರಿಗೆ ಮುಂಚೆ ಅದರ ಷರತ್ತುಗಳೇನು, ಯಾವ ಷರತ್ತು ಮುರಿದರೆ ಹೊರಬರಲಾಗುವುದು ಎಂಬುದನ್ನು ನೋಟು ಕೊಟ್ಟ ಮತದಾರರು ಬಹಿರಂಗವಾಗಿ ಕೇಳಬೇಕಿತ್ತು, ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇರುತ್ತದೆ.

ಕರ್ನಾಟಕದ ರೈತ ಸಂಘದ ಚರಿತ್ರೆಯೂ ಇದಕ್ಕಿಂತ ಬೇರೆಯಲ್ಲ. 1980ರ ದಶಕದಲ್ಲಿ ಹಳ್ಳಿ ಹಳ್ಳಿಗಳಲ್ಲಿ ಹಸಿರು ಶಾಲು ಹೊದೆಸಿದ ಸಂಘಕ್ಕೆ ವಿಧಾನಸಭೆಗೆ ಕಳಿಸಲಾದದ್ದು ಬೆರಳೆಣಿಕೆಯ ಸದಸ್ಯರನ್ನು. ಅದರ ಪ್ರಮುಖರಲ್ಲೊಬ್ಬರಾದ ಬಾಬಾಗೌಡ ಪಾಟೀಲರು ಮುಂದೆ ಭಾರತೀಯ ಜನತಾ ಪಕ್ಷದಿಂದ ಬೆಳಗಾವಿಯ ಸಂಸದರಾಗಿ ಕೇಂದ್ರದಲ್ಲಿ ಮಂತ್ರಿಯಾದರು. ಬೀದಿಯ ಬಲವನ್ನು ಸದನದ ಬಲವೆಂದು ಎಣಿಸಿದಲ್ಲೆಲ್ಲ ನಿರಾಶೆ ಕಾದಿರುತ್ತದೆ.

ಅಧಿಕಾರ ಕೈಗೆ ಬಂದಾಗ ನೆಚ್ಚಿನ ನಾಯಕನಿಗೆ ಏನಾಗುತ್ತದೆ ಎಂಬುದನ್ನು ತಾಸಗಾಂವ ಕಂಡಿದೆ. ಅಂಜನಿ ಎಂಬ ಹಳ್ಳಿಯ ಬಡ ಕುಟುಂಬದಿಂದ ಬಂದ, ಜನ ಪ್ರೀತಿಯಿಂದ ‘ಆಬಾ’ ಎಂದು ಕರೆದ ಆರ್.ಆರ್. ಪಾಟೀಲರು 1990ರಿಂದ 2015ರಲ್ಲಿ ತೀರಿಕೊಳ್ಳುವವರೆಗೆ ನಿರಂತರ ಶಾಸಕರಾಗಿದ್ದರು. ಗ್ರಾಮಾಭಿವೃದ್ಧಿ ಮಂತ್ರಿಯಾಗಿ ಅವರು ಆರಂಭಿಸಿದ ಸಂತ ಗಾಡಗೆ ಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ ಹಳ್ಳಿಗಳ ಮುಖವನ್ನೇ ಬದಲಿಸಿತು, ಏಕೆಂದರೆ ಅದು ಜನರ ಶ್ರಮದಾನವನ್ನು ನೆಚ್ಚಿದ ಕೆಲಸ ಮತ್ತು ಒಬ್ಬ ಮಂತ್ರಿಯ ಶ್ರದ್ಧೆ ಅಲ್ಲಿ ನೇರವಾಗಿ ಫಲ ಕೊಡಬಲ್ಲದಾಗಿತ್ತು. ಅದೇ ಮನುಷ್ಯ ಗೃಹಮಂತ್ರಿಯಾದಾಗ 2005ರಲ್ಲಿ ತಂದ ಡಾನ್ಸ್ ಬಾರ್ ನಿಷೇಧವನ್ನು ಹಳ್ಳಿಯ ತಾಯಂದಿರು ಹರಸಿದರೆ, ಸಾವಿರಾರು ನರ್ತಕಿಯರ ಬದುಕು ಬೀದಿಗೆ ಬಿತ್ತೆಂದು ಹಲವು ಮಹಿಳಾ ಸಂಘಟನೆಗಳು ವಿರೋಧಿಸಿದವು, ಬಾಂಬೆ ಹೈಕೋರ್ಟ್ ಅದನ್ನು ರದ್ದುಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. 2008ರ ಮುಂಬೈ ದಾಳಿಯ ನಂತರ ಅವರು ರಾಜೀನಾಮೆ ಕೊಡಬೇಕಾಯಿತು. ಪುರೋಗಾಮಿಗಳೆಲ್ಲರೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲವೆಂಬುದನ್ನೂ, ಒಳ್ಳೆಯ ಮನುಷ್ಯನೊಬ್ಬ ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ಒಂದು ಇಲಾಖೆಯ ಅಭ್ಯಾಸಗಳು ಬದಲಾಗುವುದಿಲ್ಲವೆಂಬುದನ್ನೂ ಆಬಾ ಅವರ ಜೀವನ ಒಟ್ಟಿಗೆ ತೋರಿಸುತ್ತದೆ.

ಮಿರಜದ ವೈದ್ಯಕೀಯ ಕಾಲೇಜಿನಲ್ಲಿ ಓದಿದ ನರೇಂದ್ರ ದಾಭೋಲಕರ ಅವರ ಮೂಢನಂಬಿಕೆ ವಿರೋಧಿ ಮಸೂದೆಯ ಕಥೆ ಇನ್ನೂ ಕಹಿಯಾದದ್ದು. ತಮ್ಮನ್ನು ಪುರೋಗಾಮಿ ಎಂದು ಕರೆದುಕೊಳ್ಳುವ ಸರ್ಕಾರಗಳ ಕಾಲದಲ್ಲೇ ಆ ಮಸೂದೆ ವರ್ಷಗಟ್ಟಲೆ ತಿದ್ದುಪಡಿಗಳಲ್ಲಿ ಸವೆಯಿತು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ದಾಭೋಲಕರ ಅವರ ಕೊಲೆಯಾದ ಕೆಲವೇ ದಿನಗಳಲ್ಲಿ ಅದು ಸುಗ್ರೀವಾಜ್ಞೆಯಾಯಿತು, ಡಿಸೆಂಬರಿನಲ್ಲಿ ಕಾನೂನಾಯಿತು. ಕರ್ನಾಟಕದಲ್ಲೂ 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರ ಸರ್ಕಾರದಿಂದ ಇಂಥದೇ ಕಾನೂನನ್ನು ಪ್ರಗತಿಪರರು ಕೂಡಲೇ ನಿರೀಕ್ಷಿಸಿದ್ದರು. ಅದು ಅಂಗೀಕಾರವಾದದ್ದು 2017ರ ನವೆಂಬರಿನಲ್ಲಿ, ಅವಧಿಯ ಕೊನೆಯ ವರ್ಷದಲ್ಲಿ, ಮೊದಲ ಕರಡಿನ ಅನೇಕ ಹಲ್ಲುಗಳನ್ನು ಕಳೆದುಕೊಂಡ ಮೇಲೆ. ಎರಡೂ ರಾಜ್ಯಗಳಲ್ಲಿ ಕಾನೂನನ್ನು ತಡೆದವರು ವಿರೋಧಿಗಳಷ್ಟೇ ಆಗಿರಲಿಲ್ಲ, ಸ್ವಂತ ಪಕ್ಷದ ಒಳಗೆ ಮತಗಳ ಲೆಕ್ಕ ಹಾಕುತ್ತಿದ್ದವರೂ ಇದ್ದರು. ನೆಚ್ಚಿನ ನಾಯಕನನ್ನು ಸ್ವಂತ ಪಕ್ಷದವರೇ ಹಿಂದಕ್ಕೆಳೆಯುತ್ತಿದ್ದಾಗ ಅವನನ್ನು ಮುಂದಕ್ಕೆಳೆಯುವ ಎದುರು ಬಲ ಹೊರಗಿನಿಂದ, ಅಂದರೆ ಬೆಂಬಲಿಗರಿಂದಲೇ ಬರಬೇಕು. ಬೆಂಬಲಿಗರು ‘ಅವರಿಗೆ ತೊಂದರೆಯಾಗಬಾರದು’ ಎಂದು ಮೌನವಾಗಿ ಕುಳಿತರೆ ಹಿಂದಕ್ಕೆಳೆಯುವ ಬಲವೊಂದೇ ಉಳಿಯುತ್ತದೆ.

ಜತ್ತ ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳು ಈ ಮಾತನ್ನು ತಮ್ಮದೇ ರೀತಿಯಲ್ಲಿ ಅರಿತುಕೊಂಡವು. 2012ರ ಬರಗಾಲದಲ್ಲಿ ಅಲ್ಲಿನ ಸುಮಾರು 40 ಹಳ್ಳಿಗಳು ನೀರು ಕೊಡಲಾಗದಿದ್ದರೆ ಕರ್ನಾಟಕಕ್ಕೆ ಸೇರಿಸಿ ಎಂಬ ನಿರ್ಣಯ ಮಾಡಿದವು. 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಸಾಗಿದಾಗ, 10 ವ್ಯಾಗನ್‌ಗಳ ಮೊದಲ ಗಾಡಿ ಸುಮಾರು 5 ಲಕ್ಷ ಲೀಟರ್ ನೀರನ್ನು 300 ಕಿಲೋಮೀಟರಿಗೂ ಹೆಚ್ಚು ದೂರ ಒಯ್ದಾಗ, ಸರ್ಕಾರ ಮನಸ್ಸು ಮಾಡಿದರೆ ಎಷ್ಟು ಬೇಗ ನೀರು ಚಲಿಸಬಲ್ಲದೆಂಬುದನ್ನು ಅದೇ ಜಿಲ್ಲೆಯ ಬಾಯಾರಿದ ಹಳ್ಳಿಗಳು ನೋಡುತ್ತ ನಿಂತವು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಆ ಹಳೆಯ ನಿರ್ಣಯವನ್ನು ಎತ್ತಿ ಆಡಿದ ಕೂಡಲೇ ಮುಂಬೈಯಲ್ಲಿ ಕಡತಗಳಿಗೆ ಕಾಲು ಬಂದವು. ಜತ್ತದ 65 ಹಳ್ಳಿಗಳಿಗಾಗಿ ಸುಮಾರು 2,000 ಕೋಟಿ ರೂಪಾಯಿಯ ‘ವಿಸ್ತಾರಿತ ಮ್ಹೈಸಾಳ’ ಯೋಜನೆಯನ್ನು ಕೈಗೆತ್ತಿಕೊಳ್ಳುವುದಾಗಿ ಮಹಾರಾಷ್ಟ್ರ ಸರ್ಕಾರ ಘೋಷಿಸಿತು. ಯಾವ ಒಬ್ಬ ಶಾಸಕನೂ ಹತ್ತು ವರ್ಷಗಳಲ್ಲಿ ತರಲಾಗದ ಘೋಷಣೆಯನ್ನು ಹತ್ತು ವರ್ಷ ಹಿಂದೆ ಗ್ರಾಮಸ್ಥರು ಬರೆದಿಟ್ಟ ಒಂದು ಕಾಗದ, ಎರಡು ರಾಜ್ಯಗಳ ಅಭಿಮಾನದ ಜಗಳದಲ್ಲಿ ಸಿಕ್ಕು, ತಂದುಕೊಟ್ಟಿತು. ಇದರಲ್ಲಿ ಹೆಮ್ಮೆಪಡುವಂಥದ್ದು ಗ್ರಾಮಸ್ಥರ ದೃಢತೆ. ನಾಚಿಕೆಪಡುವಂಥದ್ದು, ಕುಡಿಯುವ ನೀರಿಗಾಗಿ ಜನ ರಾಜ್ಯ ಬದಲಿಸುವ ಮಾತನಾಡಬೇಕಾಗಿ ಬಂದದ್ದು.

ಸಾಂಗಲಿಯ ಮತದಾರರು 2024ರಲ್ಲಿ ಎರಡೂ ಮೈತ್ರಿಕೂಟಗಳ ಅಧಿಕೃತ ಅಭ್ಯರ್ಥಿಗಳನ್ನು ಬಿಟ್ಟು ಪಕ್ಷೇತರರಾಗಿ ನಿಂತ ವಿಶಾಲ್ ಪಾಟೀಲರನ್ನು ಲಕ್ಷ ಮತಗಳ ಅಂತರದಿಂದ ಗೆಲ್ಲಿಸಿದರು. ಅವರು ಮ್ಹೈಸಾಳ ಯೋಜನೆಗೆ ರೂಪ ಕೊಟ್ಟ ವಸಂತದಾದಾ ಅವರ ಮೊಮ್ಮಗ, ಆದ್ದರಿಂದ ಅಜ್ಜನ ಕಾಲದ ನಿರೀಕ್ಷೆಯೂ ಅವರ ಹೆಗಲಿಗೆ ಬಂದಿದೆ. ಪಕ್ಷೇತರನಾಗಿ ಗೆದ್ದವನು ಅವಧಿಯ ನಡುವೆ ಯಾವುದೇ ಪಕ್ಷಕ್ಕೆ ವಿಧಿವತ್ತಾಗಿ ಸೇರಿದರೆ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ 1985ರ ಪಕ್ಷಾಂತರ ನಿಷೇಧ ಕಾನೂನು, ಅವನ ಸದಸ್ಯತ್ವವನ್ನು ಕಳೆಯುತ್ತದೆ. ಆದ್ದರಿಂದ ಅವರು ಕಾಂಗ್ರೆಸ್ಸಿಗೆ ಬೆಂಬಲದ ಪತ್ರ ಕೊಟ್ಟು ಹೊರಗೆ ಉಳಿದರು. ಪಕ್ಷೇತರನಿಗೆ ಪಕ್ಷದ ವಿಪ್ ಅಂದರೆ ಮತದ ಅಪ್ಪಣೆ ಇಲ್ಲದಿರುವುದು ಒಂದು ಸ್ವಾತಂತ್ರ್ಯ, ಪಕ್ಷದ ಬೆನ್ನು ಇಲ್ಲದಿರುವುದು ಒಂದು ಮಿತಿ. ಅವರನ್ನು ಮೆಚ್ಚಿದವರು ಈ ಎರಡನ್ನೂ ಒಟ್ಟಿಗೆ ನೋಡಿ ಲೆಕ್ಕ ಹಾಕುವುದು ಅವರಿಗೂ ಹಿತ, ಕ್ಷೇತ್ರಕ್ಕೂ ಹಿತ.

ನಿರೀಕ್ಷೆಯನ್ನು ಅಳೆಯುವುದೆಂದರೆ ಅದನ್ನು ಕುಗ್ಗಿಸುವುದೆಂದು ಹಲವರು ತಿಳಿಯುತ್ತಾರೆ, ಮತ್ತು ಈ ತಿಳಿವಳಿಕೆಯೇ ಹೆಚ್ಚು ಹಾನಿ ಮಾಡುತ್ತದೆ. ಶಾಸಕನ ಕೈಯಲ್ಲೇ ಇರುವ ವಿಷಯಗಳಲ್ಲಿ, ಅಂದರೆ ಹಣದ ಶುದ್ಧಿ, ಸದನದ ಹಾಜರಿ, ಕೇಳಿದ ಪ್ರಶ್ನೆಗಳು, ಊರಿಗೆ ಬಂದು ಸೋಲನ್ನೂ ಸತ್ಯವಾಗಿ ಹೇಳುವ ಧೈರ್ಯ, ಇವುಗಳಲ್ಲಿ ನಿರೀಕ್ಷೆ ಕಟ್ಟುನಿಟ್ಟಾಗಿರಬೇಕು, ನೆಚ್ಚಿನವನೆಂಬ ಕಾರಣಕ್ಕೆ ಎಳ್ಳಷ್ಟೂ ರಿಯಾಯಿತಿ ಸಲ್ಲದು. ಬಹುಮತ ಬೇಕಾದ ವಿಷಯಗಳಲ್ಲಿ ಅವನ ಪ್ರಯತ್ನವನ್ನು ಕೇಳಬೇಕು, ಫಲವನ್ನು ಅವನೊಬ್ಬನ ತಲೆಗೆ ಕಟ್ಟಬಾರದು. ಗಡಿಯ ಕನ್ನಡಿಗರಿಗೆ ಇದು ಇನ್ನಷ್ಟು ಮುಖ್ಯ: ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದ ಹೇಳುತ್ತಿದ್ದರೂ, ಜತ್ತದ ಅಥವಾ ಅಕ್ಕಲಕೋಟೆಯ ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕನೇ ಬರುವಂತೆ ನೋಡಿಕೊಳ್ಳುವುದು ಕೊನೆಗೆ ಜಿಲ್ಲಾ ಪರಿಷತ್ತಿನ ಕಡತದ ಬೆನ್ನು ಹತ್ತುವ ಕೆಲಸ, ಮತ್ತು ಅದು ಒಬ್ಬ ಶಾಸಕ ನಿಜವಾಗಿ ಮಾಡಬಲ್ಲ ಕೆಲಸ. ದೊಡ್ಡ ಕನಸುಗಳ ಮಾತಿನಲ್ಲಿ ಇಂಥ ಮಾಡಬಲ್ಲ ಕೆಲಸಗಳನ್ನು ಕೇಳುವುದನ್ನೇ ಜನ ಮರೆಯುತ್ತಾರೆ.

ಆದ್ದರಿಂದ ಮುಂದಿನ ಚುನಾವಣೆಯಲ್ಲಿ ನೆಚ್ಚಿನ ಅಭ್ಯರ್ಥಿ ಮ್ಹೈಸಾಳಕ್ಕೋ, ಜತ್ತದ ಪೂರ್ವದ ಹಳ್ಳಿಗಳಿಗೋ ಬಂದಾಗ ಅವನನ್ನು ಪ್ರೀತಿಯಿಂದಲೇ ಕೂಡಿಸಿಕೊಂಡು ಮೂರು ಸಂಗತಿಗಳನ್ನು ಕೇಳಬೇಕು: ವಿಸ್ತಾರಿತ ಯೋಜನೆಯ ನೀರು ನಮ್ಮ ಕೆರೆಗೆ ಬರುವ ಕೊನೆಯ ಪೈಪು ಇಂದು ಎಲ್ಲಿಯವರೆಗೆ ಬಂದಿದೆ, ಅದನ್ನು ಎತ್ತುವ ವಿದ್ಯುತ್ತಿನ ಬಿಲ್ಲನ್ನು ಪ್ರತಿ ವರ್ಷ ಯಾರು ಕಟ್ಟುತ್ತಾರೆ, ಮತ್ತು ನಮ್ಮ ಶಾಲೆಯ ಖಾಲಿ ಹುದ್ದೆಗೆ ಕನ್ನಡ ಬಲ್ಲ ಶಿಕ್ಷಕ ಯಾವಾಗ ಬರುತ್ತಾನೆ. ಅವನು ‘ಗೊತ್ತಿಲ್ಲ, ತಿಳಿದು ಹೇಳುತ್ತೇನೆ’ ಎಂದರೆ ಅದನ್ನು ಅವನ ಯೋಗ್ಯತೆಯ ಕಡೆಗೇ ಎಣಿಸಿ, ಹೇಳಿದ ಮಾತನ್ನು ದಿನಾಂಕ ಹಾಕಿ ಊರಿನ ವಹಿಯಲ್ಲಿ ಬರೆದಿಡಿ, ಮತ್ತು ಗೆದ್ದ ಆರು ತಿಂಗಳಿಗೆ ಆ ವಹಿಯನ್ನು ಹಿಡಿದುಕೊಂಡು ಅವನ ಬಾಗಿಲಿಗೆ ಹೋಗಿ.